ಮೇಷ್ಟ್ರು ಕಲಿಸಿದ್ದೊಂದು, ಕುದುರೆ ಕಲಿತದ್ದೊಂದು

ಬಣ್ಣದ ಜೂಲು ಹೊದ್ದು, ಕೊರಳಿಗೆ ಗೆಜ್ಜೆ ಕಟ್ಟಿಕೊಂಡು ಮನೆಯ ಮುಂದೆ ಬಂದು ನಿಲ್ಲುವ ಕೋಲೆ ಬಸವನನ್ನು ಒಮ್ಮೆಯಾದರೂ ನೋಡದವರು ನಮ್ಮಲ್ಲಿ ಕಡಮೆ. "ಈ ಅಮ್ಮನವರ ಮಗಳಿಗೆ ಈ ವರ್ಷ ಕಂಕಣ ಕೂಡಿ ಬರುತ್ತದೆಯೇ, ಬಸವಣ್ಣ?" ಎಂದು ಒಡೆಯ ಕೇಳುತ್ತಾನೆ. ಬಸವ ತಲೆಯಾಡಿಸುತ್ತದೆ. ಅಮ್ಮನವರು ಒಳಗೆ ಹೋಗಿ ಮೊರದಲ್ಲಿ ಅಕ್ಕಿ ತರುತ್ತಾರೆ. ಹಗ್ಗದ್ದೋ ಕೋಲಿನದೋ ಒಂದು ಸನ್ನೆ ಅಲ್ಲಿರುತ್ತದೆಂದು ಕೊಡುವವರೂ ಬಲ್ಲರು. ಒಡೆಯನಂತೂ ಬಲ್ಲನು, ಅದು ಅವನ ಹೊಟ್ಟೆಯ ಪಾಡು. ಯಾರಿಗೂ ಮೋಸವಾಯಿತೆಂದು ನಾನು ಹೇಳಲಾರೆ.

ಆದರೆ ಒಡೆಯನಿಗೇ ತಾನು ಸನ್ನೆ ಮಾಡುತ್ತಿರುವುದು ತಿಳಿಯದೆ ಹೋದರೆ? ಬಸವ ನಿಜವಾಗಿಯೂ ಯೋಚಿಸಿ ಉತ್ತರ ಹೇಳುತ್ತಿದೆಯೆಂದು ಅವನೇ ಮನಸಾರೆ ನಂಬಿದ್ದರೆ? ಜರ್ಮನಿಯ ರಾಜಧಾನಿಯಾದ ಬರ್ಲಿನ್ ನಗರದಲ್ಲಿ 1904ರಲ್ಲಿ ಹೀಗೊಂದು ನಡೆಯಿತು. ಅಲ್ಲಿದ್ದುದು ಬಸವನಲ್ಲ, ಕುದುರೆ. ಒಡೆಯನು ಊರೂರು ಅಲೆಯುವ ಬಡವನಲ್ಲ, ಗಣಿತ ಹೇಳಿಕೊಟ್ಟು ನಿವೃತ್ತರಾಗಿದ್ದ ಶಾಲೆಯ ಮೇಷ್ಟ್ರು. ಪ್ರಾಣಿಗಳಿಗೆ ಹೊಡೆಯದೆ ಬಡಿಯದೆ, ತಿನ್ನಲು ಕೊಟ್ಟು ಕಲಿಸುವ ವಿದ್ಯೆಯ ಚರಿತ್ರೆಯಲ್ಲಿ ಇಷ್ಟು ಸೋಜಿಗದ, ಇಷ್ಟು ದುಃಖದ ಅಧ್ಯಾಯ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ.

ಮೇಷ್ಟ್ರ ಹೆಸರು ವಿಲ್‌ಹೆಲ್ಮ್ ಫಾನ್ ಓಸ್ಟೆನ್. ಹುಟ್ಟಿದ್ದು 1838ರಲ್ಲಿ. ಪ್ರಾಣಿಗಳಿಗೂ ಮನುಷ್ಯರಂತೆಯೇ ಬುದ್ಧಿಯುಂಟು, ನಾವು ಅವಕ್ಕೆ ಪಾಠ ಹೇಳಿಲ್ಲ, ಅಷ್ಟೇ ಎಂಬುದು ಅವರ ನಂಬಿಕೆ. ಉತ್ತರ ಬರ್ಲಿನ್ನಿನಲ್ಲಿ ನಾಲ್ಕು ಕಡೆಯೂ ಎತ್ತರದ ಬಾಡಿಗೆ ಮನೆಗಳು ಸುತ್ತುವರಿದಿದ್ದ ಕಲ್ಲುಹಾಸಿನ ಅಂಗಳವೇ ಅವರ ಪಾಠಶಾಲೆ. ವಿದ್ಯಾರ್ಥಿ ಒಬ್ಬನೇ: ಹಾನ್ಸ್ ಎಂಬ ಹೆಸರಿನ, ರಷ್ಯದ ಓಟದ ತಳಿಯ ಗಂಡು ಕುದುರೆ. ತಲೆಯ ಮೇಲೆ ಅಗಲ ಅಂಚಿನ ಕರಿ ಟೋಪಿ, ಬಿಳಿಯ ಕೂದಲು, ಜೇಬಿನಲ್ಲಿ ಬ್ರೆಡ್ಡಿನ ಚೂರು, ಗಜ್ಜರಿ: ಹೀಗೆ ಮೇಷ್ಟ್ರು ಕುದುರೆಯ ಪಕ್ಕದಲ್ಲಿ ನೆಲದ ಮೇಲೆ ನಿಂತುಕೊಂಡು ಸುಮಾರು ನಾಲ್ಕು ವರ್ಷ ಪಾಠ ಹೇಳಿದರು.

ನೆಲದ ಮೇಲೆ ನಿಂತು ಎಂಬ ಮಾತನ್ನು ಬೇಕೆಂದೇ ಹೇಳಿದೆ. ಕುದುರೆಯ ಶಿಕ್ಷಣವೆಂದರೆ ಬೆನ್ನೇರಿ, ಕಡಿವಾಣ ಎಳೆದು, ಹಿಮ್ಮಡಿಯಿಂದ ಪಕ್ಕೆಗೆ ಒತ್ತಿ ಕಲಿಸುವುದೆಂದೇ ನಮ್ಮ ಭಾವನೆ. ಅದರ ಗುಟ್ಟು ಇಷ್ಟೆ: ನೋವಾಗುತ್ತದೆ, ಕುದುರೆ ಹೇಳಿದಂತೆ ಮಾಡಿದ ಕೂಡಲೆ ನೋವು ನಿಲ್ಲುತ್ತದೆ. ಹಾಗೆ ಕಲಿತ ಕುದುರೆ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ. ಕುದುರೆಯ ಬಳಿಗೆ ಸಿಟ್ಟಿನಿಂದ ಹೋಗಬಾರದು, ಚೆನ್ನಾಗಿ ಮಾಡಿದಾಗ ಅದಕ್ಕೆ ಹಿತವನ್ನುಂಟುಮಾಡಬೇಕು ಎಂದು ಗ್ರೀಕರ ಕ್ಸೆನೊಫೋನನು 2,300 ವರ್ಷಗಳಿಗೂ ಹಿಂದೆಯೇ ಬರೆದಿಟ್ಟಿದ್ದನು. ಬರೆದದ್ದು ಪುಸ್ತಕದಲ್ಲಿ ಉಳಿಯಿತು, ಚಾವಟಿ ಕೈಯಲ್ಲಿ ಉಳಿಯಿತು. ಮೇಷ್ಟ್ರು ಚಾವಟಿಯನ್ನು ಬಿಟ್ಟು ಬ್ರೆಡ್ಡನ್ನು ಹಿಡಿದರು. ಅವರದೇನೂ ತೀರ ಶಾಂತಸ್ವಭಾವವಲ್ಲ. ಕೋಪ ಬೇಗ ಬರುತ್ತಿತ್ತು. ಆದರೂ ಪಾಠದ ವಿಷಯಕ್ಕೆ ಬಂದರೆ ಅವರ ತಾಳ್ಮೆಗೆ ಕೊನೆಯಿರಲಿಲ್ಲ.

ಪಾಠ ನಡೆದದ್ದು ಮಕ್ಕಳ ಶಾಲೆಯ ಕ್ರಮದಲ್ಲಿಯೇ. ಮೊದಲು ಕುದುರೆಯ ಮುಂದೆ ಮರದ ಗೂಟವೊಂದನ್ನು ನಿಲ್ಲಿಸಿ, "ಒಂದು" ಎಂದು ಹೇಳಿ, ಅದರ ಮುಂಗಾಲನ್ನು ಎತ್ತಿ ನೆಲಕ್ಕೆ ತಟ್ಟಿಸುವುದು; ತಟ್ಟಿದರೆ ಬ್ರೆಡ್ಡಿನ ಚೂರು. ಆಮೇಲೆ ಎರಡು ಗೂಟ, ಎರಡು ಸಲ. ಗೂಟಗಳಾದ ಮೇಲೆ ಮಣಿಚೌಕಟ್ಟು. ಮಣಿಚೌಕಟ್ಟಾದ ಮೇಲೆ ಹಲಗೆಯ ಮೇಲೆ ಬರೆದ ಅಂಕಿಗಳು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಅಕ್ಷರಗಳಿಗೊಂದು ಪಟ್ಟಿ ಮಾಡಿ, ಇಷ್ಟನೆಯ ಸಾಲು ಇಷ್ಟನೆಯ ಅಕ್ಷರ ಎಂದು ತಟ್ಟಿ ಹೆಸರುಗಳನ್ನು ಹೇಳುವುದು. ಬಣ್ಣಬಣ್ಣದ ಬಟ್ಟೆಗಳನ್ನು ಗುರುತಿಸುವುದು. ಸಂಗೀತದ ಸ್ವರಗಳು ಸಹ!

ಐದರಲ್ಲಿ ಎರಡು ಭಾಗಕ್ಕೆ ಅರ್ಧವನ್ನು ಕೂಡಿದರೆ ಎಷ್ಟು? ಹಾನ್ಸ್ ಮೊದಲು ಒಂಬತ್ತು ಸಲ, ಬಳಿಕ ಹತ್ತು ಸಲ ತಟ್ಟುತ್ತಿತ್ತು. ಎಂದರೆ ಹತ್ತರಲ್ಲಿ ಒಂಬತ್ತು. ನನ್ನ ಮನಸ್ಸಿನಲ್ಲೊಂದು ಸಂಖ್ಯೆಯಿದೆ, ಅದರಿಂದ ಒಂಬತ್ತನ್ನು ಕಳೆದರೆ ಮೂರು ಉಳಿಯುತ್ತದೆ, ಯಾವ ಸಂಖ್ಯೆ? ಹನ್ನೆರಡು ಸಲ. ತಿಂಗಳಿನ 8ನೆಯ ತಾರೀಖು ಮಂಗಳವಾರವಾದರೆ ಆ ಶುಕ್ರವಾರ ಯಾವ ತಾರೀಖು? ಹನ್ನೊಂದು ಸಲ. ಈ ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಎಷ್ಟು ಜನ ಬೆರಳು ಮಡಿಸದೆ ಉತ್ತರ ಹೇಳುತ್ತೇವೆಯೋ ಕಾಣೆ.

1904ರ ಬೇಸಗೆಯಲ್ಲಿ ಸುದ್ದಿ ಹಬ್ಬಿತು. ಪತ್ರಿಕೆಗಳು "ಜಾಣ ಹಾನ್ಸ್" ಎಂದು ಬಿರುದು ಕೊಟ್ಟವು. ಸೇನಾಧಿಕಾರಿಗಳು, ಪಂಡಿತರು, ಪೇಟೆಯ ಜನ ಎಲ್ಲರೂ ಆ ಅಂಗಳಕ್ಕೆ ನುಗ್ಗಿದರು. ಮೇಷ್ಟ್ರು ಯಾರಿಂದಲೂ ಒಂದು ಕಾಸನ್ನೂ ಮುಟ್ಟಲಿಲ್ಲ. ಇದನ್ನು ಗಮನದಲ್ಲಿಡಬೇಕು, ಮೋಸಗಾರನಾದವನು ಮೊದಲು ಟಿಕೆಟ್ಟು ಮಾರುತ್ತಾನೆ. ಆಫ್ರಿಕದ ಕಾಡುಗಳಲ್ಲಿ ತಿರುಗಿ ಹೆಸರು ಪಡೆದಿದ್ದ ಷಿಲ್ಲಿಂಗ್ಸ್ ಎಂಬವರು ಸಂಶಯದಿಂದಲೇ ಬಂದರು. ಮೇಷ್ಟ್ರು ಪಕ್ಕದಲ್ಲಿಲ್ಲದಾಗ ತಾವೇ ಪ್ರಶ್ನೆ ಹಾಕಿದರು. ಕುದುರೆ ಅವರಿಗೂ ಸರಿಯಾಗಿ ಉತ್ತರ ಹೇಳಿತು. ಅಲ್ಲಿಗೆ ಸಂಶಯ ಹರಿದು ಅವರು ಪರಮ ಭಕ್ತರಾದರು.

ಕಡೆಗೆ ಇದನ್ನು ವಿಚಾರಿಸಲು ಒಂದು ಸಮಿತಿಯೇ ನೇಮಕವಾಯಿತು. ಹದಿಮೂರು ಮಂದಿ ಸದಸ್ಯರು. ಮನಶ್ಶಾಸ್ತ್ರದ ಪ್ರೊಫೆಸರ್ ಕಾರ್ಲ್ ಸ್ಟುಂಫ್, ಮೃಗಾಲಯದ ಮುಖ್ಯಾಧಿಕಾರಿ, ಪಶುವೈದ್ಯರು, ಅಶ್ವದಳದ ಅಧಿಕಾರಿಗಳು, ಶಾಲೆಯ ಉಪಾಧ್ಯಾಯರು, ಎಲ್ಲಕ್ಕೂ ಮಿಗಿಲಾಗಿ ಒಬ್ಬ ಸರ್ಕಸ್ ಯಜಮಾನರು. ಪ್ರಾಣಿಗಳಿಗೆ ಸನ್ನೆ ಕೊಡುವ ವಿದ್ಯೆಯ ಒಳಹೊರಗನ್ನೆಲ್ಲ ಬಲ್ಲವರು ಇವರು. ಆ ಸೆಪ್ಟೆಂಬರಿನಲ್ಲಿ ಸಮಿತಿ ಕೊಟ್ಟ ತೀರ್ಪು: ಇಲ್ಲಿ ಕೈಚಳಕವಿಲ್ಲ, ಬೇಕೆಂದು ಮಾಡುವ ಸನ್ನೆ ಯಾವುದೂ ಇಲ್ಲ. ಮೇಷ್ಟ್ರ ಪ್ರಾಮಾಣಿಕತೆಗೆ ಮುದ್ರೆ ಬಿದ್ದಿತು. ಕುದುರೆಗೆ ಗಣಿತ ಬರುತ್ತದೆಂದು ಸಮಿತಿ ಹೇಳಿರಲಿಲ್ಲ. ಓದಿದವರೇ ಹಾಗೆ ಅರ್ಥ ಮಾಡಿಕೊಂಡರು.

ಮುಂದಿನ ವಿಚಾರಣೆ ಸ್ಟುಂಫರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಆಸ್ಕರ್ ಫುಂಗ್‌ಸ್ಟ್ ಎಂಬ ತರುಣನ ಪಾಲಿಗೆ ಬಂದಿತು. ಸಮಿತಿಯವರು ಸನ್ನೆಯನ್ನು ಹುಡುಕಿದ್ದರು. ಈತ ಹುಡುಕುವ ಬಗೆಯನ್ನೇ ಬದಲಾಯಿಸಿದನು. ಜನಸಂದಣಿ ಕುದುರೆಯ ಗಮನ ಸೆಳೆಯದಿರಲೆಂದು ಅಂಗಳದಲ್ಲಿ ಒಂದು ಡೇರೆ ಹಾಕಿಸಿದನು. ಅಂಕಿ ಬರೆದ ರಟ್ಟುಗಳನ್ನು ಕುದುರೆಗೆ ತೋರಿಸುವುದು, ಎಷ್ಟೆಂದು ಕೇಳುವುದು. ಒಂದು ಸಲ ಕೇಳುವವನಿಗೂ ಆ ಅಂಕಿ ಗೊತ್ತಿರುವಂತೆ. ಇನ್ನೊಂದು ಸಲ ಅವನು ನೋಡದೆಯೇ ರಟ್ಟನ್ನು ಹಿಡಿದು, ಅಂಕಿ ಕುದುರೆಗೆ ಮಾತ್ರ ಕಾಣುವಂತೆ. ಕೇಳುವವನಿಗೆ ಗೊತ್ತಿದ್ದಾಗ ನೂರಕ್ಕೆ 98 ಉತ್ತರಗಳು ಸರಿ. ಗೊತ್ತಿಲ್ಲದಾಗ ನೂರಕ್ಕೆ 8.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸೊಗಸು. ಮೇಷ್ಟ್ರು ಕುದುರೆಯ ಒಂದು ಕಿವಿಯಲ್ಲಿ ಒಂದು ಸಂಖ್ಯೆಯನ್ನು ಪಿಸುಗುಟ್ಟುವುದು, ಫುಂಗ್‌ಸ್ಟ್ ಇನ್ನೊಂದು ಕಿವಿಯಲ್ಲಿ ಬೇರೊಂದನ್ನು. ಎರಡನ್ನೂ ಕೂಡಿ ಹೇಳುವುದು ಹಾನ್ಸಿನ ಕೆಲಸ. ಮೊತ್ತವು ಇಬ್ಬರು ಮನುಷ್ಯರಲ್ಲಿ ಯಾರಿಗೂ ತಿಳಿಯದು, ಕುದುರೆಗೆ ಮಾತ್ರ ತಿಳಿಯಬೇಕು. 31 ಸಲ ಕೇಳಿದರೆ 3 ಸಲ ಸರಿಹೋಯಿತು. ಮೊತ್ತ ಮೊದಲೇ ತಿಳಿದಿರುವಂತೆ ಮಾಡಿ 31 ಸಲ ಕೇಳಿದರೆ 29 ಸಲ ಸರಿ. ಹಾಗಾದರೆ ಲೆಕ್ಕ ಮಾಡುತ್ತಿದ್ದುದು ಕುದುರೆಯಲ್ಲ, ಕೇಳುತ್ತಿದ್ದ ಮನುಷ್ಯ. ಆದರೆ ಉತ್ತರ ಮನುಷ್ಯನಿಂದ ಕುದುರೆಗೆ ದಾಟುತ್ತಿದ್ದುದು ಹೇಗೆ? ಬಾಯಿಬಿಟ್ಟು ಕೇಳದೆ ಮನಸ್ಸಿನಲ್ಲಿಯೇ ಪ್ರಶ್ನೆಯನ್ನು ಹೇಳಿಕೊಂಡರೂ ಹಾನ್ಸ್ ಸರಿಯಾಗಿ ತಟ್ಟುತ್ತಿತ್ತು. ಇದು ಪರಚಿತ್ತಜ್ಞಾನವೇ ಸರಿ ಎಂದವರೂ ಉಂಟು.

ಫುಂಗ್‌ಸ್ಟ್ ಕುದುರೆಯ ಕಣ್ಣಿನ ಪಕ್ಕಕ್ಕೆ ದೊಡ್ಡ ಪಟ್ಟಿಗಳನ್ನು ಕಟ್ಟಿಸಿದನು. ಜಟಕಾ ಗಾಡಿಯ ಕುದುರೆಗೆ ಕಟ್ಟುವಂಥವು, ಆದರೆ ಇನ್ನೂ ಅಗಲವಾದವು. ಕೇಳುವವನು ಕಾಣುತ್ತಿದ್ದಾಗ ನೂರಕ್ಕೆ 89 ಉತ್ತರ ಸರಿಬಂದವು, ಕಾಣದಾದಾಗ 6. ಕಾಣದಾದಾಗಲೆಲ್ಲ ಹಾನ್ಸ್ ಕತ್ತು ಚಾಚಿ, ಹಗ್ಗ ಜಗ್ಗಿ, ಕೇಳುವವನನ್ನು ನೋಡಲು ಹೆಣಗುತ್ತಿತ್ತು. ಸಂಜೆ ಕತ್ತಲಾದಂತೆ ತಪ್ಪುಗಳು ಹೆಚ್ಚುತ್ತಿದ್ದವು. ಎಂದ ಮೇಲೆ ಗುಟ್ಟು ಕಿವಿಯಲ್ಲಿಲ್ಲ, ಕಣ್ಣಿನಲ್ಲಿದೆ. ಇಷ್ಟು ತಿಳಿದ ಬಳಿಕ ಫುಂಗ್‌ಸ್ಟ್ ಕುದುರೆಯನ್ನು ನೋಡುವುದನ್ನು ಬಿಟ್ಟು ಮೇಷ್ಟ್ರನ್ನು ನೋಡತೊಡಗಿದನು.

ಪ್ರಶ್ನೆ ಕೇಳಿ ಮುಗಿಸಿದ ಮೇಷ್ಟ್ರು ಕುದುರೆಯ ಕಾಲನ್ನು ನೋಡಲು ತಲೆಯನ್ನು ತುಸುವೇ ಮುಂದಕ್ಕೆ ಬಾಗಿಸುತ್ತಿದ್ದರು. ಕುದುರೆ ತಟ್ಟಲು ತೊಡಗುತ್ತಿತ್ತು. ಮೇಷ್ಟ್ರು ಉಸಿರು ಬಿಗಿಹಿಡಿದು ಮನಸ್ಸಿನಲ್ಲಿಯೇ ಎಣಿಸುವರು. ಸರಿಯಾದ ಸಂಖ್ಯೆ ಬಂದಾಗ "ಆಯಿತು!" ಎಂದು ಮನಸ್ಸು ಹಗುರಾಗಿ, ಅವರ ತಲೆ ಕೂದಲೆಳೆಯಷ್ಟು ಮೇಲಕ್ಕೆದ್ದಿತು. ಒಂದು ಮಿಲಿಮೀಟರಿಗಿಂತಲೂ ಕಡಮೆ ಚಲನೆ ಅದು. ಅಗಲ ಅಂಚಿನ ಟೋಪಿ ಅದನ್ನು ಒಂದಿಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದಿರಬೇಕು. ಕುದುರೆ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಹದಿಮೂರು ಮಂದಿ ತಜ್ಞರ ಕಣ್ಣಿಗೆ ಬೀಳದ ಈ ಸೂಕ್ಷ್ಮ ಕುದುರೆಗೆ ದೀಪದಷ್ಟು ಸ್ಪಷ್ಟ. ಸದಾ ಹುಲಿ ತೋಳಗಳಿಗೆ ಹೆದರಿ ಬದುಕಿದ ಕುಲ ಅದರದು. ತಲೆಯ ಎರಡು ಪಕ್ಕದಲ್ಲಿರುವ ದೊಡ್ಡ ಕಣ್ಣುಗಳಿಂದ ಹೆಚ್ಚುಕಡಮೆ ತನ್ನ ಸುತ್ತಲೂ ಕಾಣುತ್ತದೆ, ಅಲುಗಾಡುವುದನ್ನಂತೂ ಬಲು ಬೇಗ ಹಿಡಿಯುತ್ತದೆ.

ಇದು ಖಚಿತವಾದ ಮೇಲೆ ಫುಂಗ್‌ಸ್ಟ್ ಪ್ರಶ್ನೆಯನ್ನೇ ಕೇಳದೆ, ಬರಿದೆ ಬಾಗಿ ಏಳುವುದರಿಂದಲೇ ತನಗೆ ಬೇಕಾದ ಸಂಖ್ಯೆಯನ್ನು ಹಾನ್ಸಿನಿಂದ ತಟ್ಟಿಸಿದನು. ಆಮೇಲೆ ಪ್ರಯೋಗಶಾಲೆಗೆ ಹೋಗಿ ತಾನೇ ಕುದುರೆಯಾದನು! ಇಪ್ಪತ್ತೈದು ಮಂದಿಯನ್ನು ಒಬ್ಬೊಬ್ಬರಾಗಿ ಎದುರಿಗೆ ನಿಲ್ಲಿಸಿಕೊಂಡು, ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ನೆನೆಯಿರಿ ಎಂದು ಹೇಳಿ, ಕೈಯಿಂದ ಮೇಜನ್ನು ತಟ್ಟುತ್ತ ಅವರ ತಲೆಯನ್ನು ನೋಡಿದನು. ಇಬ್ಬರನ್ನು ಬಿಟ್ಟು ಉಳಿದವರೆಲ್ಲರೂ ತಮಗೆ ಅರಿಯದಂತೆಯೇ ಆ ಸಣ್ಣ ಸನ್ನೆಯನ್ನು ಮಾಡಿದರು. ಎಲ್ಲಕ್ಕಿಂತ ವಿಚಿತ್ರವೆಂದರೆ, ಗುಟ್ಟು ತಿಳಿದ ಮೇಲೂ ಅದನ್ನು ತಡೆದುಕೊಳ್ಳುವುದು ಅವನಿಗೇ ಕಷ್ಟವಾಯಿತು.

ಈಗ ಆ ನಾಲ್ಕು ವರ್ಷದ ಪಾಠವನ್ನು ಕುದುರೆಯ ಕಡೆಯಿಂದ ನೋಡೋಣ. ಗೂಟ, ಮಣಿ, ಹಲಗೆ, ಅಂಕಿ ಇವುಗಳಿಂದ ಅದಕ್ಕೆ ಏನಾಗಬೇಕು? ಅದಕ್ಕೆ ಬೇಕಾದದ್ದು ಬ್ರೆಡ್ಡು. ಬ್ರೆಡ್ಡು ಬರುತ್ತಿದ್ದುದು ಯಾವಾಗ? ಈ ಮನುಷ್ಯ ಬಾಗಿದಾಗ ತಟ್ಟಲು ಹಿಡಿದು, ತಲೆಯೆತ್ತಿದಾಗ ನಿಲ್ಲಿಸಿದರೆ. ಗೂಟಗಳನ್ನು ಎಣಿಸಲು ಹೋದ ದಿನ ತಪ್ಪಾಗುವ ಸಂಭವವುಂಟು. ಮನುಷ್ಯನನ್ನು ನೋಡಿದ ದಿನ ತಪ್ಪೇ ಇಲ್ಲ. ಮೇಷ್ಟ್ರು ತಾವು ಗಣಿತಕ್ಕೆ ಬಹುಮಾನ ಕೊಡುತ್ತಿದ್ದೇವೆಂದು ತಿಳಿದಿದ್ದರು. ಅವರ ಕೈ ಬಹುಮಾನ ಕೊಡುತ್ತಿದ್ದುದು ಮುಖ ನೋಡುವ ವಿದ್ಯೆಗೆ. ಕುದುರೆ ದಡ್ಡತನದಿಂದ ಪಾಠವನ್ನು ತಪ್ಪಾಗಿ ಕಲಿಯಲಿಲ್ಲ. ಕೊಟ್ಟ ಪಾಠವನ್ನೇ ಅಕ್ಷರಶಃ ಕಲಿತಿತು. ಹಾನ್ಸ್ ಭಿನ್ನರಾಶಿಗಳನ್ನು ಕೂಡುತ್ತಿತ್ತೆಂಬುದಕ್ಕಿಂತ ಇದೇ ನನಗೆ ಹೆಚ್ಚು ಬೆರಗಿನ ಸಂಗತಿಯಾಗಿ ಕಾಣುತ್ತದೆ.

ತಿಂಡಿಯು ಯಾವ ಕ್ಷಣದಲ್ಲಿ ಬಂತೋ ಆ ಕ್ಷಣದಲ್ಲಿ ಮಾಡುತ್ತಿದ್ದುದನ್ನೇ ಪ್ರಾಣಿ ಕಲಿಯುತ್ತದೆ ಎಂಬುದನ್ನು ಶಾಸ್ತ್ರವಾಗಿ ನಿಲ್ಲಿಸಿದವರು ಅಮೆರಿಕದವರು. ಹಿತವಾದ ಫಲ ಕೊಟ್ಟ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆಂದು ಥಾರ್ನ್‌ಡೈಕ್ ಎಂಬ ಪಂಡಿತರು 1898ರಲ್ಲಿಯೇ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ತೋರಿಸಿದ್ದರು. ಬರ್ಲಿನ್ನಿನ ಅಂಗಳಕ್ಕೆ ಆ ಸುದ್ದಿ ತಲಪಿದ್ದರೂ ಮೇಷ್ಟ್ರು ಕೇಳುತ್ತಿದ್ದರೆಂದು ನನಗನ್ನಿಸುವುದಿಲ್ಲ. 1948ರಲ್ಲಿ ಸ್ಕಿನ್ನರ್ ಎಂಬವರು ಹಸಿದ ಪಾರಿವಾಳಗಳಿಗೆ, ಅವು ಏನೇ ಮಾಡುತ್ತಿರಲಿ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಬೀಳುವಂತೆ ಮಾಡಿದರು. ಕಾಳು ಬಿದ್ದಾಗ ಒಂದು ಪಾರಿವಾಳ ಸುತ್ತು ಹಾಕುತ್ತಿದ್ದಿತು. ಅದು ಸುತ್ತು ಹಾಕುವುದನ್ನೇ ವ್ರತವಾಗಿ ಹಿಡಿಯಿತು. ಇನ್ನೊಂದು ತಲೆ ತೂಗುವುದನ್ನು ಹಿಡಿಯಿತು.

ಕುದುರೆಯ ವಿಷಯದಲ್ಲಿ ಒಂದು ತೊಡಕುಂಟು. ಅದು ಒಂದು ಒಳ್ಳೆಯ ಕೆಲಸ ಮಾಡಿತು, ಎನ್ನಿ. ನಾವು ಜೇಬಿಗೆ ಕೈಹಾಕಿ ಗಜ್ಜರಿ ತೆಗೆದು ಅದರ ಬಾಯಿಗೆ ಹಿಡಿಯುವಷ್ಟರಲ್ಲಿ ಅದು ಕಾಲು ಕೆರೆದಿರುತ್ತದೆ, ಇಲ್ಲವೆ ನಮ್ಮ ಜೇಬಿಗೇ ಮೂತಿ ತೂರಿಸಿರುತ್ತದೆ. ಗಜ್ಜರಿ ಆ ಕೆಟ್ಟ ಕೆಲಸಕ್ಕೆ ಸಂದ ಹಾಗಾಯಿತು. ಆದುದರಿಂದ ಸರಿಯಾದ ಕ್ಷಣಕ್ಕೆ ಗುರುತು ಹಾಕಲು ಒಂದು ಸದ್ದು ಬೇಕು. ಮಕ್ಕಳು ಬೆರಳಿನಿಂದ ಒತ್ತಿ ಟಿಕ್ ಎನ್ನಿಸುವ ತಗಡಿನ ಆಟಿಕೆ ಸಾಕೆಂದು ಸ್ಕಿನ್ನರ್ 1951ರಲ್ಲಿ ಬರೆದರು. ಟಿಕ್ ಎಂದರೆ ತಿಂಡಿ ಬರುತ್ತದೆಂದು ಮೊದಲು ಕಲಿಸುವುದು. ಆಮೇಲೆ ಸದ್ದೇ ಬಹುಮಾನದ ಚೀಟಿಯಾಗುತ್ತದೆ, ತಿಂಡಿ ನಿಧಾನವಾಗಿ ಬಂದರೂ ಚಿಂತೆಯಿಲ್ಲ. ಈ ವಿದ್ಯೆ ಡಾಲ್ಫಿನ್ನುಗಳಿಗೆ ಹೋಯಿತು, ನಾಯಿಗಳಿಗೆ ಹೋಯಿತು. ಕುದುರೆಗೆ ಹೊಂದುವಂತೆ ಅಮೆರಿಕದ ಅಲೆಕ್ಸಾಂಡ್ರ ಕರ್ಲಂಡ್ ಅದನ್ನು 1998ರಲ್ಲಿ ಪುಸ್ತಕವಾಗಿ ಬರೆದರು. ಅಲ್ಲಿ ಮೊದಲ ಪಾಠಕ್ಕೆ ಸವಾರಿಯಿಲ್ಲ, ಜೀನಿಲ್ಲ. ಕುದುರೆ ಲಾಯದ ಬಾಗಿಲಿನ ಆಚೆ, ಮನುಷ್ಯ ಈಚೆ. ರಸ್ತೆ ರಿಪೇರಿಯವರು ಇಡುವಂಥ ಒಂದು ಶಂಕುವನ್ನು ಮುಂದೆ ಹಿಡಿಯುವುದು. ಕುತೂಹಲಕ್ಕೆ ಕುದುರೆ ಅದನ್ನು ಮೂಸುತ್ತದೆ. ಟಿಕ್! ತಿಂಡಿ. ಇನ್ನೊಮ್ಮೆ. ಸ್ವಲ್ಪ ಹೊತ್ತಿನಲ್ಲಿಯೇ ಕುದುರೆ ಶಂಕುವನ್ನು ತಾನಾಗಿ ಹುಡುಕಿಕೊಂಡು ಬರುತ್ತದೆ. ಜೇಬಿಗೆ ಬಾಯಿ ಹಾಕಿದರೆ ಏನೂ ಸಿಕ್ಕದು, ಮುಖವನ್ನು ಅತ್ತ ತಿರುಗಿಸಿಕೊಂಡರೆ ಟಿಕ್ ಎನ್ನುತ್ತದೆ. ಹೀಗೆ ಶಿಷ್ಟಾಚಾರವೂ ಬರುತ್ತದೆ. ಓಸ್ಟೆನ್ ಮೇಷ್ಟ್ರ ಕೈಯಲ್ಲಿ ಬ್ರೆಡ್ಡಿತ್ತು, ತಾಳ್ಮೆಯಿತ್ತು. ಆದರೆ ಅವರ ತಲೆಯೇ ಅವರಿಗೆ ತಿಳಿಯದಂತೆ ಟಿಕ್ ಎನ್ನುತ್ತಿತ್ತು.

ಮೇಷ್ಟ್ರ ಗತಿ ಏನಾಯಿತೆಂದು ಕೇಳುವಿರಿ. ಪರೀಕ್ಷೆಯಲ್ಲಿ ಹಾನ್ಸ್ ಸೋತಾಗ ಅವರಿಗೆ ಮೊದಲು ಬಂದದ್ದು ಕುದುರೆಯ ಮೇಲೆ ಕೋಪ. ನಮ್ಮ ಹುಡುಗರು ಇನ್‌ಸ್ಪೆಕ್ಟರ ಮುಂದೆ ಮಗ್ಗಿ ಮರೆತಾಗ ಮೇಷ್ಟ್ರುಗಳಿಗೆ ಬರುವಂಥದೇ. ಆದರೆ ಕೋಪ ಇಳಿದ ಮೇಲೆ ಹಳೆಯ ನಂಬಿಕೆಯೇ ಮರಳಿತು. ಡಿಸೆಂಬರಿನಲ್ಲಿ ಸ್ಟುಂಫರ ವರದಿ ಪ್ರಕಟವಾಯಿತು. ಫುಂಗ್‌ಸ್ಟನ ಪುಸ್ತಕ 1907ರಲ್ಲಿ ಹೊರಬಂದಿತು. ಸರಿಯಾದ ಉತ್ತರ ಕೇಳುವವನಿಗೂ ತಿಳಿದಿರಬಾರದು ಎಂಬ ಎಚ್ಚರಿಕೆ ಮುಂದೆ ಮನಶ್ಶಾಸ್ತ್ರದ ಪರೀಕ್ಷೆಗಳಿಗೆಲ್ಲ ಪಾಠವಾಯಿತು, "ಜಾಣ ಹಾನ್ಸ್" ಎಂಬುದು ಆ ಶಾಸ್ತ್ರದಲ್ಲೊಂದು ಮಾತಾಗಿ ಉಳಿಯಿತು. ಮೇಷ್ಟ್ರು ಮಾತ್ರ ಇನ್ನು ಯಾವ ಪರೀಕ್ಷೆಗೂ ಕುದುರೆಯನ್ನು ಒಪ್ಪಿಸುವುದಿಲ್ಲವೆಂದರು. ಅವರನ್ನು ಹಟಮಾರಿಯೆಂದು ಕರೆಯುವುದು ಸುಲಭ. ಆದರೆ ಸುಳ್ಳು ಹೇಳಿಲ್ಲವೆಂದು ಹದಿಮೂರು ಮಂದಿ ಸಹಿ ಹಾಕಿಕೊಟ್ಟ ಮೂರೇ ತಿಂಗಳಲ್ಲಿ, ಸುಳ್ಳು ಹೇಳಿದ್ದು ನಿಮ್ಮ ಕುತ್ತಿಗೆ ಎಂದರೆ ಯಾರು ತಾನೆ ಒಪ್ಪಿಯಾರು? ಅವರು 1909ರಲ್ಲಿ ತೀರಿಕೊಂಡರು.

ಹಾನ್ಸ್ ಎಲ್ಬರ್‌ಫೆಲ್ಡ್ ಎಂಬ ಊರಿನ ಚಿನಿವಾರ ಕಾರ್ಲ್ ಕ್ರಾಲ್ ಎಂಬವರ ಲಾಯ ಸೇರಿತು. ಅವರೂ ಮೇಷ್ಟ್ರ ಮತದವರೇ. ಮುಹಮದ್, ಜರೀಫ್ ಎಂಬ ಇನ್ನೆರಡು ಕುದುರೆಗಳಿಗೆ ಘನಮೂಲ ತೆಗೆಯುವುದನ್ನು ಕಲಿಸಿದೆನೆಂದು ಹೇಳಿ, 1912ರಲ್ಲಿ ದೊಡ್ಡದೊಂದು ಪುಸ್ತಕವನ್ನೂ ಬರೆದರು. ನೊಬೆಲ್ ಬಹುಮಾನ ಪಡೆದ ಕವಿ ಮೇಟರ್ಲಿಂಕರು ಹೋಗಿ ನೋಡಿ ಬೆರಗಾಗಿ ಬಂದರು. ಆ ಗದ್ದಲದಲ್ಲಿ ಹಾನ್ಸ್ ಹಿಂದೆ ಬಿದ್ದಿತು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಸೈನ್ಯಕ್ಕೆ ಕುದುರೆಗಳು ಬೇಕಾದವು. ಹಾನ್ಸನ್ನೂ ಕೊಂಡೊಯ್ದರು. 1916ರಿಂದ ಈಚೆಗೆ ಅದರ ಸುದ್ದಿಯಿಲ್ಲ.